ಎಲೆಯಿಲ್ಲದ ಹೂ, ಹೂವಿಲ್ಲದ ಎಲೆ: ಗೋಮಾಳವೊಂದರ ಅಡವಿ ಈರುಳ್ಳಿ

ಇದು ಚಿತ್ರದುರ್ಗ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಗೋಮಾಳದಲ್ಲಿ ನಡೆದದ್ದು. ಊರು, ವರ್ಷ, ಜನ ಯಾರೆಂದು ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಗಿಡದ ವಿವರಗಳು ಮಾತ್ರ ಇದ್ದದ್ದು ಇದ್ದಂತೆಯೇ ಇವೆ.

ಹಿನ್ನೆಲೆ

ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಮಳೆ ಬೀಳುವ ಸೀಮೆ. ಗುಡ್ಡದ ಬುಡದಲ್ಲಿ ಗರಸು ಕಲ್ಲು ಬೆರೆತ ಕೆಂಪು ಮಣ್ಣು, ಅಲ್ಲಲ್ಲಿ ಬಂದರಿಕೆ, ತಂಗಡಿ, ಕವಳೆ ಪೊದೆ, ನಡುವೆ ಮಳೆಗಾಲದಲ್ಲಿ ಮಾತ್ರ ಹಸಿರಾಗುವ ಹುಲ್ಲು. ಬೇಸಿಗೆಯಲ್ಲಿ ನೋಡಿದವರು ‘ಬೋಳು ಗುಡ್ಡ’ ಎಂದೇ ಹೇಳುತ್ತಾರೆ. ಪಂಚಾಯಿತಿಯೂ ಹಾಗೆಯೇ ಅಂದುಕೊಂಡಿತ್ತು. ನರೇಗಾ ಕೆಲಸದಲ್ಲಿ ಮೊದಲ ಹಂತಕ್ಕೆ ಒಂದೆಕರೆ ಆರಿಸಿಕೊಂಡು ಹೊಂಗೆ, ಬೇವು, ಹುಣಸೆ ಸಸಿ ನೆಡುವುದೆಂದು ತೀರ್ಮಾನವಾಯಿತು. ಗುಂಡಿಯ ಅಳತೆ ಉದ್ದ, ಅಗಲ, ಆಳ ಮೂರೂ 45 ಸೆಂಟಿಮೀಟರ್. ಗುಂಡಿಯಿಂದ ಗುಂಡಿಗೆ 3 ಮೀಟರ್ ಅಂತರ. ಆ ಲೆಕ್ಕದಲ್ಲಿ ಎಕರೆಗೆ ಸುಮಾರು 450 ಗುಂಡಿ.

ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆಯ ಹೊತ್ತಿಗೆ ಗುಂಡಿ ತೋಡಲು ಶುರುಮಾಡಿದರು. ಎರಡನೇ ದಿನವೇ ಮಣ್ಣಿನೊಳಗಿಂದ ಮುಷ್ಟಿ ಗಾತ್ರದ ಬಿಳಿ ಗಡ್ಡೆಗಳು ಮೇಲೆ ಬಂದವು. ತೋಡುತ್ತಿದ್ದವರೆಲ್ಲ ವರ್ಷದ ಉಳಿದ ದಿನ ಈರುಳ್ಳಿ ಹೊಲದಲ್ಲಿ ಕಿತ್ತು, ಕೊಯ್ದು, ಚೀಲ ತುಂಬುವವರು. ಕಂಡದ್ದನ್ನು ಅವರು ಈರುಳ್ಳಿ ಎಂದುಕೊಂಡದ್ದರಲ್ಲಿ ತಪ್ಪೇನಿಲ್ಲ. ಕೂಲಿ ತಂಡದ ಒಬ್ಬ ಹೆಂಗಸು ನಾಲ್ಕು ಗಡ್ಡೆಯನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಒಯ್ದರು. ರಾತ್ರಿ ಹೆಚ್ಚಲು ಕೂತಾಗ ಬೆರಳ ಸಂದಿಯಲ್ಲೆಲ್ಲ ನವೆ ಎದ್ದಿತು. ಹೆಚ್ಚಿದ್ದನ್ನು ತಿಪ್ಪೆಗೆ ಎಸೆದು ಕೈ ತೊಳೆದುಕೊಂಡರು. ಮರುದಿನ ಕೆಲಸದ ಜಾಗದಲ್ಲಿ ಅವರು ಹೇಳಿದ್ದು ಹೀಗೆ: “ಈರುಳ್ಳಿ ಹೆಚ್ಚಿದ್ರೆ ಕಣ್ಣಾಗೆ ನೀರು ಬತ್ತೈತೆ. ಇದನ್ನ ಹೆಚ್ಚಿದ್ರೆ ಕಣ್ಣಿಗೆ ಏನೂ ಆಗಲ್ಲ, ಕೈ ಕೆರೀತೈತೆ.” ಇಡೀ ಪ್ರಕರಣದಲ್ಲಿ ಮೊದಲು ಸಿಕ್ಕ ಸರಿಯಾದ ಸುಳಿವು ಇದೇ. ಆ ದಿನ ಅದನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ತೊಡಕು

ಅದೇ ವಾರ ಊರಿನ ಶಾಲೆಯ ವಿಜ್ಞಾನ ಶಿಕ್ಷಕಿಯೊಬ್ಬರು ಗೋಮಾಳದಲ್ಲಿ ಮೊಣಕಾಲೆತ್ತರದ ಬೋಳು ಕೋಲುಗಳನ್ನು ಕಂಡರು. ಒಂದೂ ಎಲೆಯಿಲ್ಲ. ಕೋಲಿನ ಮೇಲರ್ಧದಲ್ಲಿ ಮಾಸಲು ಬಣ್ಣದ ಮೊಗ್ಗುಗಳು ದೂರದೂರ ತೂಗುತ್ತಿದ್ದವು. ಗಿಡ ಗುರುತಿಸುವ ಮೊಬೈಲ್ ಆ್ಯಪ್‌ಗೆ ಮೂರು ಚಿತ್ರ ಹಾಕಿದರು: ಈ ಕೋಲಿನದು, ಗುಂಡಿಯಿಂದ ಎದ್ದ ಗಡ್ಡೆಯದು, ಹಿಂದಿನ ಆಗಸ್ಟ್‌ನಲ್ಲಿ ಮಕ್ಕಳನ್ನು ಕರೆದೊಯ್ದಾಗ ಅದೇ ಜಾಗದಲ್ಲಿ ತೆಗೆದಿದ್ದ ಪಟ್ಟಿಯಂಥ ಎಲೆಗೊಂಚಲಿನದು. ಮೂರಕ್ಕೆ ಮೂರು ಬೇರೆ ಉತ್ತರ ಬಂತು. ಕೋಲನ್ನು ಮೆಡಿಟರೇನಿಯನ್ ಸೀಮೆಯ ಯಾವುದೋ ಗಿಡವೆಂದಿತು, ಎಲೆಯನ್ನು ತೋಟದ ಲಿಲ್ಲಿ ಎಂದಿತು, ಗಡ್ಡೆಯನ್ನು ನಾವು ತಿನ್ನುವ ಈರುಳ್ಳಿ ಎಂದಿತು. ಮೊದಲ ಎರಡು ತಪ್ಪಿನಿಂದ ಯಾರಿಗೂ ಕೇಡಿಲ್ಲ. ಮೂರನೆಯದು ಹಾಗಲ್ಲ. ಅದರ ಚಿತ್ರ ‘ಗುಡ್ಡದಲ್ಲಿ ಸಿಕ್ಕ ನಾಟಿ ಈರುಳ್ಳಿ’ ಎಂದು ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಓಡಾಡತೊಡಗಿತು.

ಹೀಗಾಗಿ ಎರಡು ಕೆಲಸ ಒಟ್ಟಿಗೆ ಎದುರಾದವು. ಇದು ಏನೆಂದು ಖಚಿತಪಡಿಸಿ ಯಾರೂ ತಿನ್ನದಂತೆ ನೋಡಿಕೊಳ್ಳಬೇಕು. ಗುಂಡಿ ಕೆಲಸ ಮುಂದುವರಿಸುವುದೋ ಬೇಡವೋ ಎಂದು ಮುಂಗಾರಿಗೆ ಮೊದಲೇ ಹೇಳಬೇಕು. ಶಿಕ್ಷಕಿ, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ಉಪನ್ಯಾಸಕರು ಮತ್ತು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಇಬ್ಬರು ಸದಸ್ಯರು ಸೇರಿ ಹೊಣೆ ಹೊತ್ತರು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಇಂಥ ಸಮಿತಿ ಇರಬೇಕು. ಬಹಳ ಕಡೆ ಅದು ಕಡತದಲ್ಲಿ ಮಾತ್ರ ಇರುತ್ತದೆ. ಇಲ್ಲಿ ಅದಕ್ಕೆ ಕೆಲಸ ಸಿಕ್ಕಿತು.

ಗುರುತು ಹಿಡಿದ ಬಗೆ

ಮೊದಲ ತಿರುವು ಬಂದದ್ದು ಮೇಕೆ ಕಾಯುವ ಅಜ್ಜನಿಂದ.

“ಅಜ್ಜಾ, ಈ ಕೋಲಿಗೆ ಎಲೇನೇ ಇಲ್ವಲ್ಲ?”

“ಈಗೆಲ್ಲಿ ಎಲೆ ತಾಯಿ? ಆರಿದ್ರ ಮಳೆ ಹುಯ್ಯಲಿ, ಆಗ ಬಾ. ಎಲೆ ಬರೋ ಹೊತ್ಗೆ ಹೂವ ಇರಲ್ಲ, ಹೂವ ಇರೋವಾಗ ಎಲೆ ಇರಲ್ಲ. ಒಂದರ ಮುಖ ಒಂದು ನೋಡಿಲ್ಲ ಇವು.”

“ಮೇಕೆ ತಿಂತಾವಾ?”

“ಮೂಸ್ತಾವೆ, ಬಿಟ್ಟೋಯ್ತಾವೆ.”

ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ನಾಡಿನಲ್ಲಿ ಆಡು ಮೂಸಿ ಬಿಟ್ಟಿತೆಂದರೆ ಅದು ಸಣ್ಣ ಮಾತಲ್ಲ. ಆಗಸ್ಟ್‌ನ ಎಲೆಯ ಚಿತ್ರವನ್ನು ತೋರಿಸಿದಾಗ ಅಜ್ಜ ‘ಇದೇಯ’ ಎಂದರು. ಮೂರು ಚಿತ್ರ ಒಂದೇ ಗಿಡದವು ಎಂಬುದು ಅಲ್ಲಿಗೆ ತಿಳಿಯಿತು. ಹೇಳಿಕೆಯೊಂದೇ ಸಾಲದೆಂದು ಒಂದು ಕೋಲಿನ ಪಕ್ಕದಿಂದ ಕೈಗವಸು ಹಾಕಿಕೊಂಡು ನಿಧಾನವಾಗಿ ಮಣ್ಣು ಬಿಡಿಸಿದರು. ಕೋಲು ಹೊರಟದ್ದು ನೆಲದಿಂದ ಒಂದು ಗೇಣು ಕೆಳಗಿದ್ದ ಅದೇ ಬಿಳಿ ಗಡ್ಡೆಯ ನೆತ್ತಿಯಿಂದ.

ಈರುಳ್ಳಿಯಲ್ಲ ಎಂದು ತೀರ್ಮಾನಿಸಲು ಮೂರು ಲಕ್ಷಣ ಸಾಕಾದವು. ಮೊದಲನೆಯದು ವಾಸನೆ. ಈರುಳ್ಳಿ, ಬೆಳ್ಳುಳ್ಳಿ ಜಾತಿಯ ಯಾವುದೇ ಗಡ್ಡೆಯ ಸಿಪ್ಪೆ ಹರಿದರೂ ಘಾಟು ಮೂಗಿಗೆ ಬಡಿಯುತ್ತದೆ. ಇದರಲ್ಲಿ ಆ ಘಾಟೇ ಇರಲಿಲ್ಲ. ಎರಡನೆಯದು ರಸ. ಪೊರೆಯನ್ನು ಮುರಿದು ಎಳೆದರೆ ಲೋಳೆಯಂಥ ಅಂಟು ಬರುತ್ತಿತ್ತು. ಮೂರನೆಯದು ಹೂ ಕೂರುವ ರೀತಿ. ಈರುಳ್ಳಿ ಬೀಜಕ್ಕೆ ಬಿಟ್ಟವರಿಗೆಲ್ಲ ಗೊತ್ತು, ಅದರ ಹೂಗಳೆಲ್ಲ ದಂಟಿನ ತುದಿಯಲ್ಲಿ ಚೆಂಡಾಗಿ ಕೂರುತ್ತವೆ. ಇಲ್ಲಿ ಹೂಗಳು ದಂಟಿನ ಉದ್ದಕ್ಕೂ ಒಂದಾದ ಮೇಲೊಂದು, ಪ್ರತಿಯೊಂದಕ್ಕೂ ಪ್ರತ್ಯೇಕ ತೊಟ್ಟು. ಕೂಲಿ ತಂಡಕ್ಕೆ ವಿವರಿಸುವಾಗ ಈ ಮೂರನೆಯ ಮಾತೇ ಎಲ್ಲರಿಗೂ ಥಟ್ಟನೆ ಹಿಡಿಸಿತು.

ಈರುಳ್ಳಿ ಅಲ್ಲ ಎನ್ನುವುದು ಸುಲಭ, ಏನು ಎನ್ನುವುದಕ್ಕೆ ಹೆಚ್ಚು ತಾಳ್ಮೆ ಬೇಕು. ಅರಳಿದ ಹೂವೇ ಸಿಗಲಿಲ್ಲ. ತಂಡ ಮೂರು ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಹೋಗಿ, ಮುದುಡಿದ ಹೂ ಮತ್ತು ಮುಚ್ಚಿದ ಮೊಗ್ಗುಗಳನ್ನಷ್ಟೇ ನೋಡಿ ಹಿಂತಿರುಗಿತು. ಇದು ಅವರು ಮಾಡಿದ ದೊಡ್ಡ ತಪ್ಪು. ನಮ್ಮ ಗಿಡ ನೋಡುವ ಅಭ್ಯಾಸವೆಲ್ಲ ಕಚೇರಿ ಸಮಯಕ್ಕೆ ಕಟ್ಟುಬಿದ್ದಿದೆ. ನಾಲ್ಕನೇ ದಿನ ಸಂಜೆ ಹೋಗಿ ಅರ್ಧರ್ಧ ಗಂಟೆಗೆ ಒಮ್ಮೆ ಬರೆದುಕೊಳ್ಳುತ್ತ ಕೂತರು. ಬಿಸಿಲು ತಗ್ಗಿದ ಮೇಲೆ ಕೆಳಗಿನ ಎರಡು ಮೂರು ಮೊಗ್ಗು ಅರಳಿದವು. ಆರು ದಳ, ಬಣ್ಣ ಕಂದು ಬೆರೆತ ಮಾಸಲು ಬಿಳಿ, ಪ್ರತಿ ದಳದ ನಡುವೆ ಹಸಿರು ಛಾಯೆಯ ಒಂದು ಗೆರೆ, ಆರು ಕೇಸರ. ಮರುದಿನ ಬೆಳಿಗ್ಗೆ ಅವು ಮುದುಡಿದ್ದವು. ಮರುಸಂಜೆ ಅದರ ಮೇಲಿನ ಹೂಗಳ ಸರದಿ.

ಈ ಲಕ್ಷಣಗಳಿಂದ ಗಿಡ ಅಡವಿ ಈರುಳ್ಳಿ, ಅಂದರೆ ಡ್ರಿಮಿಯಾ ಇಂಡಿಕಾ ಎಂದು ಗುರುತಾಯಿತು. ಆಯುರ್ವೇದದ ವನಪಲಾಂಡು ಇದೇ. ಹೆಸರಿನ ವಿಷಯದಲ್ಲಿ ಒಂದು ಗೋಜಲು ಕಾದಿರುತ್ತದೆ. ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಇದನ್ನು ಸಿಲ್ಲಾ ಇಂಡಿಕಾ ಎಂದು ಕರೆದ, 1843ರಲ್ಲಿ ಕುಂತ್ ಅರ್ಜಿನಿಯಾ ಕುಲಕ್ಕೆ ಸೇರಿಸಿದ, 1977ರಲ್ಲಿ ಜೆಸಪ್ ಡ್ರಿಮಿಯಾಕ್ಕೆ ತಂದ. ಹಳೆಯ ಸಸ್ಯಕೋಶಗಳಲ್ಲಿ ‘ಅರ್ಜಿನಿಯಾ’ ಎಂದೂ ಲಿಲ್ಲಿ ಕುಟುಂಬದಲ್ಲೂ ಹುಡುಕಬೇಕು. ಈಗ ಅದನ್ನು ಶತಾವರಿಯ ಕುಟುಂಬದಲ್ಲಿ ಇಡುತ್ತಾರೆ.

ತಪ್ಪು ಗುರುತಿಗೆ ಎಡೆಯಾಗುವ ನೆಂಟರು ಇದೇ ಬಯಲಿನಲ್ಲಿ ಇನ್ನೂ ಇದ್ದಾರೆ. ಲೆಡಿಬೋರಿಯಾದ ಎಲೆ ಮೇಲೆ ನೇರಳೆ ಮಚ್ಚೆ ಇರುತ್ತದೆ, ಅದರ ಹೂವೂ ಎಲೆಯೂ ಒಟ್ಟಿಗೆ ಬರುತ್ತವೆ. ಕ್ಲೋರೊಫೈಟಂ ಅಗೆದರೆ ಗಡ್ಡೆಯೇ ಇಲ್ಲ, ದಪ್ಪ ಬೇರಿನ ಗೊಂಚಲು. ಪ್ಯಾಂಕ್ರೇಷಿಯಂ ಹೂ ದೊಡ್ಡದು, ಅಚ್ಚ ಬಿಳಿ, ನಡುವೆ ಬಟ್ಟಲು. ಆದರೆ ಡ್ರಿಮಿಯಾ ಕುಲದೊಳಗಿನ ಜಾತಿಗಳನ್ನು ಬೇರ್ಪಡಿಸುವುದು ಇಷ್ಟು ಸುಲಭವಲ್ಲ. ಅಲ್ಲಿ ಹೂ ತೊಟ್ಟಿನ ಉದ್ದ, ದಂಟಿನ ಮೇಲೆ ಹೂಗಳ ನಡುವಿನ ಅಂತರ, ಹೂ ಅರಳುವ ಹೊತ್ತು, ಬೀಜದ ಆಕಾರ ಎಲ್ಲವೂ ಬೇಕು. ಒಣಗಿಸಿದ ಮಾದರಿಯಲ್ಲಿ ಅರಳುವ ಹೊತ್ತು ಉಳಿಯುವುದಿಲ್ಲ. ಸಂಜೆ ಕೂತು ಬರೆದುಕೊಂಡ ಚೀಟಿಯನ್ನು ಮಾದರಿಯ ಹಾಳೆಗೆ ಅಂಟಿಸಿದರೆ ಮಾತ್ರ ಉಳಿಯುತ್ತದೆ.

ಮಾದರಿ ಒಣಗಿಸುವಾಗಲೂ ಒಂದು ಯಡವಟ್ಟಾಯಿತು. ಮೊದಲ ಗಡ್ಡೆಯನ್ನು ಹಾಗೆಯೇ ಪತ್ರಿಕೆಯ ನಡುವೆ ಒತ್ತಿಟ್ಟಿದ್ದರು. ಹತ್ತು ದಿನದ ಮೇಲೆ ಬಿಚ್ಚಿದರೆ ದಂಟು ಒತ್ತಿಟ್ಟಲ್ಲೇ ಬಾಗಿ ಬೆಳೆದಿತ್ತು, ಸುತ್ತಲಿನ ಕಾಗದಕ್ಕೆ ಬೂಷ್ಟು ಹಿಡಿದಿತ್ತು. ಗಡ್ಡೆ ಸತ್ತಿರಲಿಲ್ಲ. ಎರಡನೆಯದನ್ನು ಉದ್ದಕ್ಕೆ ಸೀಳಿ, ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಮೊದಲ ವಾರ ದಿನವೂ ಕಾಗದ ಬದಲಿಸಿದ ಮೇಲೆ ಸರಿಯಾಗಿ ಒಣಗಿತು. ಸೀಳುವಾಗ ಕೈಗವಸು ಬೇಕೇ ಬೇಕು. ರಸದಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ನವೆಗೆ ಕಾರಣ ಅವೇ.

ನವೆಗಿಂತ ದೊಡ್ಡ ಅಪಾಯ ಗಡ್ಡೆಯ ಒಳಗಿದೆ. ಇದರಲ್ಲಿ ಹೃದಯದ ಬಡಿತದ ಮೇಲೆ ಕೆಲಸ ಮಾಡುವ ಗ್ಲೈಕೋಸೈಡ್‌ಗಳಿವೆ, ಸಿಲ್ಲಾರೆನ್ ಅವುಗಳಲ್ಲೊಂದು. ಔಷಧದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವೆ ಅಂತರ ಕಡಿಮೆ. ಊರಿನಲ್ಲಿ ಕಾಲಿನ ಆಣಿಗೆ ಗಡ್ಡೆ ಸುಟ್ಟು ಕಟ್ಟುವ ರೂಢಿ ಇದೆ, ಅದು ಮೈಮೇಲಿನ ಮಾತು. ಹೊಟ್ಟೆಗೆ ಹೋದರೆ ವಾಂತಿ, ಭೇದಿ ಶುರುವಾಗಿ ನಾಡಿ ಬಡಿತ ತಪ್ಪುತ್ತದೆ. ಯಾರಾದರೂ ತಿಂದದ್ದು ಗೊತ್ತಾದರೆ ಮನೆಮದ್ದು ಮಾಡುತ್ತ ಕೂರದೆ, ಉಳಿದ ಗಡ್ಡೆಯ ಚೂರನ್ನೂ ತೆಗೆದುಕೊಂಡು ನೇರ ಆಸ್ಪತ್ರೆಗೆ ಹೋಗಬೇಕು. ಇಷ್ಟನ್ನು ಐದು ಸಾಲಿನಲ್ಲಿ ಬರೆದು, ಗಡ್ಡೆ ಮತ್ತು ಕೋಲಿನ ಚಿತ್ರ ಅಕ್ಕಪಕ್ಕ ಹಾಕಿ, ತಪ್ಪು ಸುದ್ದಿ ಓಡಾಡಿದ್ದ ಅದೇ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದರು.

ಗುಂಡಿಯ ಪ್ರಶ್ನೆ

ಎಕರೆಯಲ್ಲಿ 41 ಹೂದಂಟು ಸಿಕ್ಕವು. ಅವುಗಳಲ್ಲಿ 30 ಮೇಲ್ಭಾಗದ ಕಾಲು ಎಕರೆ ಗರಸು ನೆಲದಲ್ಲೇ ಇದ್ದವು. ಪ್ರತಿಯೊಂದರ ಉತ್ತರ ದಿಕ್ಕಿಗೆ ಒಂದು ಗೇಣು ಬಿಟ್ಟು, ತಗಡಿನ ಚೂರಿಗೆ ಮೊಳೆಯಲ್ಲಿ ಅಂಕಿ ಕೊರೆದು, ಕಬ್ಬಿಣದ ತಂತಿಯಿಂದ ನೆಲಕ್ಕೆ ನಾಟಿದರು. ಮೊದಲು ಸುಣ್ಣದ ಗುರುತು ಹಾಕಿದ್ದರು. ಒಂದೇ ಮಳೆಗೆ ಅಳಿಸಿಹೋಯಿತು. ಬಣ್ಣದ ದಾರ ಕಟ್ಟಿದ್ದನ್ನು ಮೇಕೆಗಳು ಕಿತ್ತವು.

ಸಭೆಯಲ್ಲಿ ಮೂರು ದಾರಿ ಚರ್ಚೆಗೆ ಬಂದವು: ಇಡೀ ನೆಡುತೋಪನ್ನು ಬೇರೆಡೆಗೆ ಒಯ್ಯುವುದು, ಗಡ್ಡೆಗಳನ್ನೆಲ್ಲ ಕಿತ್ತು ಬೇರೆಡೆ ನೆಡುವುದು, ಕಾಲು ಎಕರೆಯನ್ನು ಹಾಗೆಯೇ ಬಿಟ್ಟು ಉಳಿದಲ್ಲಿ ಗುಂಡಿ ತೋಡುವುದು. ಮೊದಲನೆಯದಕ್ಕೆ ಅಂದಾಜುಪಟ್ಟಿ ಮತ್ತೆ ಮಾಡಬೇಕಿತ್ತು. ಎರಡನೆಯದು ಎಲ್ಲರಿಗೂ ಒಪ್ಪಿಗೆಯಾಗುವಂತೆ ಕಂಡರೂ ಉಪನ್ಯಾಸಕರು ತಡೆದರು. ಗಡ್ಡೆ ಬದುಕಿದರೂ ಅದರ ಸುತ್ತಲಿನ ಜಾಗ ಅದರ ಜೊತೆ ಹೋಗುವುದಿಲ್ಲ ಎಂಬುದು ಅವರ ವಾದ. ಕೊನೆಗೆ ಮೂರನೆಯದು ನಿಂತಿತು. ಕಾಲು ಎಕರೆಗೆ ಸುಮಾರು 112 ಗುಂಡಿ ಕಡಿಮೆಯಾದವು. ಆ ಲೆಕ್ಕವನ್ನು ಕೆರೆ ಏರಿಯ ಕೆಳಗಿನ ಜಾಗದಲ್ಲಿ ತುಂಬಿಸಿಕೊಂಡರು. ಹೊಂಗೆಗೆ ಗುಡ್ಡದ ಗರಸಿಗಿಂತ ಆ ಜಾಗವೇ ವಾಸಿ ಎಂದು ಕೂಲಿಯವರು ಮೊದಲಿನಿಂದಲೂ ಹೇಳುತ್ತಿದ್ದರು.

ಆಗಲೇ ಗುಂಡಿಯಿಂದ ಮೇಲೆ ಬಂದಿದ್ದ ಗಡ್ಡೆಗಳು ಉಳಿದವು. ಗುದ್ದಲಿ ಏಟು ಬೀಳದ 19 ಗಡ್ಡೆ ಆರಿಸಿದರು. ಒಂಬತ್ತನ್ನು ಕೂಡಲೇ ಶಾಲೆಯ ಕೈತೋಟದಲ್ಲಿ, ಕೊಟ್ಟಿಗೆ ಗೊಬ್ಬರ ಬೆರೆಸಿದ ಎರೆ ಮಣ್ಣಿನಲ್ಲಿ ನೆಟ್ಟು ಹನಿ ನೀರು ಬಿಟ್ಟರು. ಆರೈಕೆಯಲ್ಲಿ ಕೊರತೆ ಇರಲಿಲ್ಲ, ಕೇಡಾದದ್ದೇ ಆ ಆರೈಕೆಯಿಂದ. ತಿಂಗಳೊಳಗೆ ಐದು ಗಡ್ಡೆಗಳ ಕುತ್ತಿಗೆ ಮೆತ್ತಗಾಗಿ ನಾತ ಬಂತು. ಕಿತ್ತಾಗ ಆದ ಸಣ್ಣ ಗಾಯ ಆರುವ ಮೊದಲೇ ಒದ್ದೆ ಮಣ್ಣಿಗೆ ಹೋದದ್ದು ಒಂದು ಕಾರಣ. ಎಲೆಯಿಲ್ಲದ ಕಾಲದಲ್ಲಿ ಗಡ್ಡೆಗೆ ನೀರು ಕುಡಿಯುವ ಕೆಲಸವೇ ಇರುವುದಿಲ್ಲ, ಬಿಟ್ಟ ನೀರೆಲ್ಲ ಸುತ್ತ ನಿಂತದ್ದು ಇನ್ನೊಂದು.

ಉಳಿದ ಹತ್ತು ಶಾಲೆಯ ಕೋಣೆಯಲ್ಲಿ ಮೂಟೆ ಕಟ್ಟಿ ಬಿದ್ದಿದ್ದವು. ಅವುಗಳನ್ನು ಉಳಿಸಿದ್ದು ಮೊದಲ ದಿನ ಕೈ ಕೆರೆದುಕೊಂಡ ಆ ಹೆಂಗಸೇ. “ಹಸೀದು ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ರೆ ಯಾವ ಗಡ್ಡೆ ತಾನೆ ಉಳಿತೈತೆ ಸಾರ್? ಹರವಿ, ಆರ್ಲಿ” ಎಂದು ಗೋಣಿಚೀಲದ ಮೇಲೆ ನೆರಳಲ್ಲಿ ಹರಡಿಸಿದರು. ಈರುಳ್ಳಿಯಂತೆ ಕಂಡು ಮೋಸ ಮಾಡಿದ ಗಡ್ಡೆ ಈರುಳ್ಳಿಯ ಆರೈಕೆಯಿಂದಲೇ ಉಳಿಯಿತು. ಎರಡು ವಾರ ಆರಿಸಿ, ಆರಿದ್ರಕ್ಕೆ ಮೊದಲು ಒಂಬತ್ತನ್ನು ಗೋಮಾಳದ ಅಂಥದೇ ಗರಸು ನೆಲದಲ್ಲಿ, ಕುತ್ತಿಗೆ ನೆಲಮಟ್ಟಕ್ಕೆ ಬರುವಂತೆ ನೆಟ್ಟರು. ಗೊಬ್ಬರ ಹಾಕಲಿಲ್ಲ, ನೀರು ಬಿಡಲಿಲ್ಲ. ಜುಲೈ ಕೊನೆಗೆ ಅವುಗಳಲ್ಲಿ ಎಂಟು ಗಡ್ಡೆಗಳು ಎಲೆ ಬಿಟ್ಟವು. ಹತ್ತನೆಯದು ಶಾಲೆಯ ಕಪಾಟಿನ ಮೇಲೆ ಮರೆತುಹೋಯಿತು.

ಗಿಡ ಬದುಕುವ ಲೆಕ್ಕ

ಆಗಸ್ಟ್‌ನಲ್ಲಿ ಗುರುತಿನ ತಗಡುಗಳನ್ನು ಹುಡುಕಿಕೊಂಡು ಹೋದಾಗ ಮೇಯಲ್ಲಿ ಮಾಡಿದ ಎಣಿಕೆ ಎಷ್ಟು ಕಡಿಮೆ ಎಂಬುದು ಕಂಡಿತು. 30 ದಂಟಿದ್ದ ಕಾಲು ಎಕರೆಯಲ್ಲಿ 80ಕ್ಕೂ ಹೆಚ್ಚು ಎಲೆಗೊಂಚಲು. ಎಳೆಯ ಗಡ್ಡೆ ಹೂ ಬಿಡುವುದಿಲ್ಲ. ಬಲಿತದ್ದೂ ಹಿಂದಿನ ಮಳೆಗಾಲದಲ್ಲಿ ಸಾಕಷ್ಟು ಕೂಡಿಡದಿದ್ದರೆ ಆ ವರ್ಷ ಸುಮ್ಮನಿರುತ್ತದೆ. ಹೂವಿನ ಕಾಲದಲ್ಲಷ್ಟೇ ಎಣಿಸಿ ‘ಇಷ್ಟೇ ಇದೆ’ ಎಂದು ವರದಿ ಕೊಡುವವರು ಇದನ್ನು ಗಮನಿಸಬೇಕು.

ಇದರ ಬದುಕು ಒಕ್ಕಲುತನದ ಮನೆಯ ಬದುಕಿದ್ದಂತೆ, ದುಡಿಯುವ ಕಾಲ ಬೇರೆ, ಖರ್ಚಿನ ಕಾಲ ಬೇರೆ. ಜೂನ್‌ನಿಂದ ಹಿಂಗಾರಿನವರೆಗೆ ಎಲೆ ದುಡಿಯುತ್ತದೆ, ದುಡಿದದ್ದು ಗಡ್ಡೆಯ ಪೊರೆಗಳಲ್ಲಿ ಸೇರುತ್ತದೆ. ಎಲೆ ಒಣಗಿದ ಮೇಲೆ ನೆಲದ ಮೇಲೆ ಏನೂ ಉಳಿಯುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ ಹುಲ್ಲು ಸುಟ್ಟುಹೋಗುತ್ತದೆ, ಒಂದು ಗೇಣು ಮಣ್ಣಿನ ಕೆಳಗೆ ಆ ಕಾವು ಇಳಿಯುವುದಿಲ್ಲ. ಲೋಳೆ ನೀರನ್ನು ಹಿಡಿದಿಡುತ್ತದೆ, ವಿಷ ಮೇಯುವ ಬಾಯಿಗಳಿಂದ ಕಾಯುತ್ತದೆ. ಹುಲ್ಲು ಏಳುವ ಮೊದಲೇ ಬೋಳು ಬಯಲಿನಲ್ಲಿ ದಂಟು ನಿಲ್ಲುವುದರಿಂದ ಹೂವಿಗೆ ಮರೆಯಿಲ್ಲ. ಮೂರು ಕೋಣೆಯ ಕಾಯಿ ಒಡೆದಾಗ ಚಪ್ಪಟೆಯಾದ ಕಪ್ಪು ಬೀಜಗಳನ್ನು ಮುಂಗಾರಿನ ಮುಂಚಿನ ಗಾಳಿ ಹಾರಿಸುತ್ತದೆ. ಬಿದ್ದ ಬೆನ್ನಿಗೇ ಮಳೆ ಸಿಗುತ್ತದೆ.

ಹಾಗೆಯೇ ಅದರ ಸೋಲೂ ಇಲ್ಲೇ ಇದೆ. ಬರ, ಬೆಂಕಿ, ಮೇಕೆ ಮೂರನ್ನೂ ತಾಳುವ ಗಿಡ ಗುದ್ದಲಿಯನ್ನು ತಾಳದು. ಗುಡ್ಡದ ಇಂಗುಗುಂಡಿಗೂ ಸಸಿ ಗುಂಡಿಗೂ ಇಳಿಯುವ ಆಳವೇ ಗಡ್ಡೆ ಕೂತ ಆಳ. ಕೆಲಸ ನಡೆಯುವುದೂ ಎಲೆಯಿಲ್ಲದ ತಿಂಗಳಲ್ಲಿ, ಆಗ ಅಲ್ಲಿ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಅಂಥ ಕೆಲಸಕ್ಕೆ ಜಾಗ ನೋಡುವವರು ಆಗಸ್ಟ್‌ನಲ್ಲಿ ಒಮ್ಮೆ, ಮೇ ಮೊದಲ ವಾರ ಸಂಜೆ ಒಮ್ಮೆ ನೋಡಿದರೆ ಸಾಕು. ಈ ಪಂಚಾಯಿತಿಯಲ್ಲಿ ಎರಡನೇ ಹಂತದ ಎಕರೆಗೆ ಹಾಗೆಯೇ ಮಾಡಿದರು, ಜಾಗವನ್ನು ತುಸು ಕೆಳಕ್ಕೆ ಸರಿಸಿದರು, ಯಾವ ಗಡ್ಡೆಯೂ ಮೇಲೆ ಬರಲಿಲ್ಲ.

ಎರಡನೇ ವರ್ಷ

ಏಪ್ರಿಲ್‌ನಲ್ಲಿ ಶಾಲೆಯ ಕಪಾಟಿನ ಮೇಲೆ ಮರೆತಿದ್ದ ಗಡ್ಡೆ, ಮಣ್ಣಿಲ್ಲದೆ, ಹನಿ ನೀರಿಲ್ಲದೆ, ಒಂದು ಮೊಳ ದಂಟು ಬಿಟ್ಟು ಏಳು ಹೂ ಅರಳಿಸಿತು. ದಂಟು ಕಿಟಕಿಯ ಬೆಳಕಿಗೆ ಬಾಗಿತ್ತು. ಹೂ ಬರಲು ಮಳೆ ಬೇಕಿಲ್ಲ ಎಂದು ಮಕ್ಕಳಿಗೆ ಬೇರೆ ಪಾಠ ಮಾಡಬೇಕಾಗಲಿಲ್ಲ. ಗೋಮಾಳದಲ್ಲಿ ಮರುನಾಟಿ ಮಾಡಿ ಎಲೆ ಬಿಟ್ಟಿದ್ದ ಎಂಟು ಗಡ್ಡೆಗಳಲ್ಲಿ ಮೂರು ಗಡ್ಡೆಗಳು ಹೂ ಬಿಟ್ಟವು. ಕೈತೋಟದ ಒಂಬತ್ತರಲ್ಲಿ ಒಂದೂ ಉಳಿದಿರಲಿಲ್ಲ.

ಊರಿನ ಗಿಡ, ಪ್ರಾಣಿ, ಅವುಗಳ ಬಳಕೆಯನ್ನು ಸಮಿತಿ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಗಿಡವನ್ನು ಸೇರಿಸುವಾಗ ‘ಬಳಕೆ’ ಎಂಬ ಅಂಕಣದ ಮುಂದೆ ಚರ್ಚೆ ನಡೆಯಿತು. ಅಜ್ಜ ಆಣಿಯ ಮದ್ದೆಂದು ಬರೆಯಿರಿ ಎಂದರು, ಸದಸ್ಯರೊಬ್ಬರು ವನಪಲಾಂಡು ಎಂಬುದೇ ಮೊದಲು ಬರಲಿ ಎಂದರು. ಕೂಲಿ ತಂಡದ ಆ ಹೆಂಗಸು ಬರೆಯುವವರ ಎದುರು ಹೋಗಿ ಕೂತರು. ಈಗ ಅಲ್ಲಿ ಮೊದಲ ಸಾಲು, ಉಳಿದದ್ದಕ್ಕಿಂತ ದಪ್ಪ ಅಕ್ಷರದಲ್ಲಿ, “ಈರುಳ್ಳಿ ಅಲ್ಲ, ತಿನ್ನಬಾರದು” ಎಂದಿದೆ.